ಮಾಗಿಯ ದಿನಗಳಲ್ಲಿ ಮೈಯ ಕಾವಲು

ಧನುರ್ಮಾಸ ಬಂದಿತೆಂದರೆ ಸೀನು, ಕೆಮ್ಮು, ಗಂಟಲು ಕೆರೆತ ಇವು ನಮ್ಮ ಮನೆಗಳಿಗೆ ಕರೆಯದೆ ಬರುವ ನೆಂಟರು. ಚಳಿಗಾಳಿ ಹೊಡೆದು ನೆಗಡಿಯಾಯಿತು ಎನ್ನುತ್ತೇವೆ. ಈ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನೆಗಡಿಯನ್ನು ತರುವುದು ವೈರಸ್ ಎಂಬ ಅತಿಸೂಕ್ಷ್ಮ ರೋಗಾಣುವೇ ಹೊರತು ಚಳಿಯಲ್ಲ. ಆದರೆ ತಣ್ಣನೆಯ ಒಣಗಾಳಿಯಿಂದ ಮೂಗಿನ ಒಳಪೊರೆ ಒಣಗಿ, ಅಲ್ಲಿಯ ಕಾವಲು ಸಡಿಲವಾಗುತ್ತದೆ. ಅದೇ ವೇಳೆಗೆ ನಾವು ಕಿಟಕಿ ಬಾಗಿಲುಗಳನ್ನು ಭದ್ರಪಡಿಸಿ, ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೂಡುತ್ತೇವೆ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳಬೇಕಾಗುತ್ತದೆ.

ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡ್. ಅದೂ 1884ನೆಯ ಇಸವಿ ಜನವರಿ 13ರಂದು. ನಮ್ಮದು ಹಿಮ ಸುರಿಯುವ ಊರಲ್ಲ. ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟು, ಇನ್ನೊಂದು ಕಂಬಳಿ ಹೊದ್ದರೆ ಆದೀತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಾಣಂತಿಯೋ ವಯಸ್ಸಾದವರೋ ಮಲಗುವ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಬಾಗಿಲು ಮುಚ್ಚುವ ರೂಢಿ ಕೆಲವು ಮನೆಗಳಲ್ಲಿ ಉಂಟು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ತಪ್ಪದೆ ಹೊರಗಿಡಿ.

ಇನ್ನು ನಿದ್ರೆಯ ಸಂಗತಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ವಾಂಸರು 2009ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಆರೋಗ್ಯವಂತರಾದ 153 ಮಂದಿ ಹದಿನಾಲ್ಕು ದಿನ ದಿನಕ್ಕೆ ಎಷ್ಟು ಹೊತ್ತು ನಿದ್ರಿಸಿದರೆಂದು ಬರೆದುಕೊಂಡು, ಆಮೇಲೆ ಅವರ ಮೂಗಿಗೆ ನೆಗಡಿಯ ವೈರಸ್ಸಿನ ಹನಿಗಳನ್ನು ಬಿಟ್ಟರು. ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ನಿದ್ರಿಸಿದವರಿಗಿಂತ, ಏಳು ಗಂಟೆಗೂ ಕಡಿಮೆ ನಿದ್ರಿಸಿದವರಿಗೆ ನೆಗಡಿಯಾಗುವ ಸಂಭವ ಸುಮಾರು ಮೂರು ಪಾಲು ಹೆಚ್ಚಾಗಿತ್ತು. ರಾತ್ರಿ ಹನ್ನೆರಡರವರೆಗೆ ಎಚ್ಚರವಿದ್ದು, ಬೆಳಗ್ಗೆ ಐದಕ್ಕೆದ್ದು ಕಷಾಯ ಕುಡಿಯುವವರು ಈ ಲೆಕ್ಕವನ್ನು ಸ್ವಲ್ಪ ನೋಡಬೇಕು! ಕಷಾಯದ ಮೇಲೆ ನನಗೆ ಸಿಟ್ಟಿಲ್ಲ. ಶುಂಠಿ, ಮೆಣಸುಗಳ ಬಿಸಿನೀರು ಗಂಟಲಿಗೆ ಹಿತವೇ. ಆದರೆ ಅದು ನಿದ್ರೆಯ ಸಾಲವನ್ನು ತೀರಿಸಲಾರದು.

ಆಹಾರದಲ್ಲಿ ನಮ್ಮ ಹಿರಿಯರು ಕಾಲವನ್ನು ಬಲ್ಲವರು. ಧನುರ್ಮಾಸದ ಹುಗ್ಗಿಯಲ್ಲಿ ಹೆಸರುಬೇಳೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ. ರೋಗದೊಡನೆ ಹೋರಾಡುವ ಕಣಗಳೂ ಪ್ರೋಟೀನಿನಿಂದಲೇ ಆಗಬೇಕು. ಈ ದಿನಗಳಲ್ಲೇ ಮಾರುಕಟ್ಟೆಗೆ ಬರುವ ನೆಲ್ಲಿಕಾಯಿಯಲ್ಲಿ ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚು 'ಸಿ' ಜೀವಸತ್ತ್ವವಿದೆ. ಕಾಯಿಸಿದರೆ ಅದು ನಷ್ಟವಾಗುವುದರಿಂದ ಹಸಿಯ ಚಟ್ನಿಯೇ ಮೇಲು. ಅದರ ಮಾತ್ರೆಗಳನ್ನು ದಿನವೂ ನುಂಗಿದರೆ ನೆಗಡಿಯೇ ಬಾರದೆಂಬುದು ಮಾತ್ರ ಭ್ರಮೆ; ಬಂದದ್ದು ಕೊಂಚ ಬೇಗ ಹೋದೀತು, ಅಷ್ಟೆ.

ಬಿಸಿಲಿನ ವಿಷಯದಲ್ಲೂ ತಪ್ಪು ತಿಳಿವಳಿಕೆಯುಂಟು. ಎಳೆಬಿಸಿಲು ಮೈಗೆ ಸುಖವೇನೋ ಹೌದು. ಆದರೆ ಚರ್ಮದಲ್ಲಿ 'ಡಿ' ಜೀವಸತ್ತ್ವ ಹುಟ್ಟುವುದು ಹೆಚ್ಚಾಗಿ, ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ. ಆಗ ಸ್ವಲ್ಪ ಹೊತ್ತು ತೋಳುಗಳಿಗೆ ಬಿಸಿಲು ತಾಗಲಿ. ಹೊರಗಿನಿಂದ ಬಂದೊಡನೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಹೇಳಿಕೊಡಬೇಕಾದರೆ ದೊಡ್ಡವರು ಮೊದಲು ಮಾಡಿ ತೋರಿಸಬೇಕು.

ನೆಗಡಿಗೆ ಆ್ಯಂಟಿಬಯಾಟಿಕ್ ಔಷಧಿ ಬೇಡ. ವೈರಸ್ಸಿನ ಮೇಲೆ ಅದು ನಡೆಯದು. ವಯಸ್ಸಾದವರು, ಉಬ್ಬಸ ಇಲ್ಲವೆ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಹಾಕಿಸುವ ಇನ್‌ಫ್ಲುಯೆನ್‌ಜಾ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ. ಕೂಸು ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಹಾಲು ಕುಡಿಯಲಾರದಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.