ಹೊರಬರಲಾರದ ಬೆಳಕು

ಚನ್ನಪಟ್ಟಣದ ಬೊಂಬೆಗಳನ್ನು ಕಾಣದವರು ನಮ್ಮಲ್ಲಿ ಅಪರೂಪ. ಹಾಲೆಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ, ತೆಳ್ಳನೆಯ ಪೊರೆಯಾಗಿ ಮರವನ್ನು ಆವರಿಸಿ ಹೊಳೆಯುತ್ತದೆ.

ಆ ಹೊಳಪು ಎರವಿನದು. ದೀಪ ಆರಿದರೆ ಬೊಂಬೆಯೂ ಕಪ್ಪು. ಆದರೆ ಅರಗಿನಂತೆಯೇ ಇಂಗಾಲದ ಸಂಯುಕ್ತಗಳಾದ ಕೆಲವು ವಸ್ತುಗಳ ಪೊರೆ ತಾನೇ ಬೆಳಗಬಲ್ಲದು. ಅವಕ್ಕೆ ಸಾವಯವ ಅರೆವಾಹಕಗಳೆಂದು ಹೆಸರು. 1987ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು ಇಂಥ ಪೊರೆಗಳನ್ನು ಗಾಜಿನ ಮೇಲೆ ಹರಡಿ, ಮೇಲೊಂದು ಲೋಹದ ಪದರವನ್ನಿಟ್ಟು, 10 ವೋಲ್ಟಿಗೂ ಕಡಿಮೆ ಒತ್ತಡದಲ್ಲಿ ಹಸುರು ಬೆಳಕನ್ನು ಪಡೆದುದನ್ನು ಪ್ರಕಟಿಸಿದರು. ಇಂದಿನ ಎಷ್ಟೋ ಮೊಬೈಲ್ ಫೋನುಗಳ ಪರದೆ ಆ ವಂಶದ್ದೇ. ಕೂದಲೆಳೆಯೊಂದನ್ನು 500 ಪದರಗಳಾಗಿ ಸೀಳಿದರೆ ಒಂದು ಪದರ ಎಷ್ಟು ದಪ್ಪವೋ, ಈ ಪೊರೆಯೂ ಸುಮಾರು ಅಷ್ಟೇ.

ಇಷ್ಟು ತೆಳುವಾದ ಪೊರೆಯಲ್ಲಿ ಹುಟ್ಟಿದ ಬೆಳಕು ಸುಲಭವಾಗಿ ಹೊರಬರಬೇಕಲ್ಲವೆ? ಹಾಗಾಗದು. ಸರಳ ರಚನೆಯಲ್ಲಿ ನೂರರಲ್ಲಿ ಸುಮಾರು 20 ಪಾಲು ಮಾತ್ರ ನಮ್ಮ ಕಣ್ಣನ್ನು ಸೇರುತ್ತದೆ. ಸಾಂದ್ರವಾದ ವಸ್ತುವಿನಿಂದ ಗಾಳಿಗೆ ತೀರ ಓರೆಯಾಗಿ ಬಂದ ಕಿರಣ ದಾಟಲಾರದೆ ಪೂರ್ತಿಯಾಗಿ ಹಿಂದಿರುಗುತ್ತದೆ. ಹೀಗೆ ಸಿಕ್ಕಿಬಿದ್ದ ಬೆಳಕು ಪೊರೆಯ ಉದ್ದಕ್ಕೂ, ಗಾಜಿನ ಉದ್ದಕ್ಕೂ ಹರಿಯುತ್ತದೆ.

ಕಣ್ವ ಜಲಾಶಯದ ಕಾಲುವೆಯನ್ನು ನೆನೆಯಿರಿ. ಎರಡು ಏರಿಗಳ ನಡುವೆ ನೀರು ಸಾಗುವಂತೆಯೇ ಈ ಬೆಳಕಿನ ನಡೆ. ಲೋಹವಂತೂ ನೀರು ಕುಡಿಯುವ ಮಣ್ಣಿನ ಏರಿ. ವಿದ್ಯುತ್ತನ್ನು ಒಳಕ್ಕೆ ಕೊಡುವುದೂ ಅದೇ, ಕನ್ನಡಿಯಂತೆ ಬೆಳಕನ್ನು ಹಿಂದಿರುಗಿಸುವುದೂ ಅದೇ. ಆದರೆ ತನ್ನ ಮೈಗಂಟಿ ಹರಿಯುವ ಬೆಳಕನ್ನು ಹೀರಿ ಶಾಖವಾಗಿ ಕಳೆಯುವುದೂ ಅದೇ.

ನೀರು ಗದ್ದೆಗೆ ಬರಬೇಕಾದರೆ ತೂಬು ತೆರೆಯಬೇಕಷ್ಟೆ. ವಿಜ್ಞಾನಿಗಳು ಮಾಡುವುದೂ ಅದನ್ನೇ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮಸೂರಗಳನ್ನು ಕೂರಿಸುತ್ತಾರೆ. ಪೊರೆಯಡಿ ಸೂಕ್ಷ್ಮವಾದ ಗೀರುಗಳನ್ನು ಮೂಡಿಸುತ್ತಾರೆ. ಬೆಳಕು ಹುಟ್ಟುವ ಜಾಗವನ್ನು ಲೋಹದಿಂದ ತುಸು ದೂರ ಸರಿಸುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸಾವಯವ ಅರೆವಾಹಕಗಳ ಅಧ್ಯಯನ ನಡೆದಿದೆ.

ಇದು ಪ್ರಯೋಗಶಾಲೆಯವರ ಚಿಂತೆ ಮಾತ್ರವೆಂದು ತಿಳಿಯಬೇಡಿ. ಮಾಗಡಿಯಲ್ಲೋ ಕನಕಪುರದಲ್ಲೋ ಮನೆಯವರು ಫೋನಿಗೆ ತುಂಬಿಸಿದ ವಿದ್ಯುತ್ತಿನಲ್ಲಿ ಒಂದು ಭಾಗ ಹೀಗೆ ಒಳಗೇ ಸೋರಿಹೋಗುತ್ತದೆ. ಬೆಳಕನ್ನು ಹುಟ್ಟಿಸುವುದು ಅರ್ಧ ಕೆಲಸ. ಅದಕ್ಕೆ ಹೊರದಾರಿ ತೋರಿಸುವುದು ಉಳಿದರ್ಧ.