ಬರಿಗೈಲಿ ಬಂದು ಸುಮ್ಮನೆ ನಿಂತ ಹುಡುಗ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

“ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಏನಪ್ಪಾ ಮಾಡ್ತೀಯ?” ಎಂದು ಮೇಷ್ಟ್ರು ಈಗಷ್ಟೇ ಕೇಳಿದರು. ಅರ್ಧ ದಿನ ನನ್ನ ತಪ್ಪು ನಾನೇ ಹುಡುಕುತ್ತೇನೆ ಸಾರ್. ಅಂಥದ್ದೊಂದನ್ನು ಹೇಳುತ್ತೇನೆ.

ಜಾವಾ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೆ. ಪರದೆಯ ಮೇಲೆ ಬರಬೇಕಾದ ಕನ್ನಡ ವಾಕ್ಯಗಳನ್ನು ಬೇರೊಂದು ಫೈಲಿನಲ್ಲಿ ಇಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತು. ಎಲ್ಲವನ್ನೂ ‘ಜಾರ್’ ಎಂಬ ಒಂದೇ ಗಂಟು ಕಟ್ಟಿ ಸರ್ವರಿಗೆ ಕಳಿಸಿದರೆ ‘ನಲ್ ಪಾಯಿಂಟರ್ ಎಕ್ಸೆಪ್ಷನ್’ ಎಂದು ನಿಂತುಬಿಟ್ಟಿತು. ಸರ್ವರ್ ನೋಡಿಕೊಳ್ಳುವ ಹುಡುಗನ ಮೇಲೆ ರೇಗಾಡಿದೆ. ದೋಷ ತೋರಿಸಿದ ಸಾಲನ್ನೇ ಎರಡು ದಿನ ನೋಡಿದೆ. ಆ ಸಾಲಿನಲ್ಲಿ ತಪ್ಪೇ ಇರಲಿಲ್ಲ.

ಆಫೀಸಿನಿಂದ ಭೂಪಟ ತಾ ಎಂದು ಮೇಷ್ಟ್ರು ಹುಡುಗನೊಬ್ಬನನ್ನು ಕಳಿಸಿದರು ಅನ್ನಿ. ಅವನಿಗೆ ಅದು ಸಿಗಲಿಲ್ಲ. ಬಂದು ಬಾಯಿ ಬಿಡದೆ ನಿಂತ. ಮೇಷ್ಟ್ರು ತಿರುಗಿಯೂ ನೋಡದೆ, “ಇಲ್ಲಿ ಕಾವೇರಿ” ಎಂದು ಕೋಲು ಇಟ್ಟರೆ ಖಾಲಿ ಗೋಡೆ! ಎಡವಟ್ಟು ಗೋಡೆಯ ಹತ್ತಿರ ಕಂಡಿತು, ಆದರೆ ಆದದ್ದು ಆಫೀಸಿನಲ್ಲಿ. ಜಾವಾದ ‘ಗೆಟ್ ರಿಸೋರ್ಸ್ ಆ್ಯಸ್ ಸ್ಟ್ರೀಮ್’ ಇದೇ ಹುಡುಗ. ಫೈಲು ಸಿಗದಿದ್ದರೆ ದೂರುವುದಿಲ್ಲ, ‘ನಲ್’ ಅಂದರೆ ಬರಿಗೈ ತೋರಿಸುತ್ತದೆ ಅಷ್ಟೆ.

ಈ ‘ನಲ್’ 1965ರಲ್ಲಿ ಟೋನಿ ಹೋರ್ ಎಂಬ ವಿಜ್ಞಾನಿ ತಂದದ್ದು. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದರು. 2020ರ ಜಾವಾ 14ರಲ್ಲಿ, ಯಾವುದು ಖಾಲಿ ಎಂದು ಹೆಸರಿಡಿದು ಹೇಳುವ ಸೌಲಭ್ಯ ಬಂತು. ಏಕೆ ಖಾಲಿ ಎಂಬುದನ್ನು ಮಾತ್ರ ನಾವೇ ಹುಡುಕಬೇಕು.

ಸಾಮಾನ್ಯವಾಗಿ ವಿಳಾಸ ತಪ್ಪಿರುತ್ತದೆ. ಹೆಸರಿನ ಮೊದಲು ಓರೆಗೆರೆ ಹಾಕಿದರೆ ಶಾಲೆಯ ಗೇಟಿನಿಂದ ಹುಡುಕು ಎಂದರ್ಥ, ಹಾಕದಿದ್ದರೆ ನಮ್ಮ ಕೊಠಡಿಯ ಬೀರುವಿನಲ್ಲೇ ನೋಡು ಎಂದು. ನನ್ನ ಗೆರೆ ಸರಿಯಾಗಿಯೇ ಇತ್ತು. ಕೊನೆಗೆ ಗಂಟಿನೊಳಗಿನ ಪಟ್ಟಿ ತೆಗೆಸಿ ನೋಡಿದೆ. ಫೈಲಿನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದು, ನಾನು ಕೇಳಿದ್ದು ಚಿಕ್ಕದು. ನನ್ನ ವಿಂಡೋಸ್ ಲ್ಯಾಪ್‌ಟಾಪ್ ಎರಡನ್ನೂ ಒಂದೇ ಎಂದು ಕ್ಷಮಿಸಿತ್ತು, ಜಾರ್ ಕ್ಷಮಿಸಲಿಲ್ಲ.

ಒಂದಕ್ಷರ ತಿದ್ದಿದೆ. ಕೈಗೆ ಬಂದದ್ದು ‘ನಲ್’ ಆದರೆ ಫೈಲಿನ ಹೆಸರು ಹೇಳಿ ಅಲ್ಲೇ ನಿಲ್ಲು ಎಂದು ಇನ್ನೊಂದು ಸಾಲು ಸೇರಿಸಿದೆ. ಆಮೇಲೆ ಸರ್ವರಿನ ಹುಡುಗನಿಗೆ ಫೋನ್ ಮಾಡಿ, “ತಪ್ಪು ನಂದೇ ಕಣಪ್ಪಾ” ಅಂದೆ. “ಗೊತ್ತಿತ್ತು ಸಾರ್” ಅಂದ.