ದೊಡ್ಡವನೆಂಬ ಬಿರುದು



ಒಂದೇ ಮಗುವಿರುವ ಮನೆಯಲ್ಲಿ ಪ್ರೀತಿಯೊಂದಿದ್ದರೆ ಸಂಸಾರ ಸಾಗೀತು. ಎರಡು ಮಕ್ಕಳಿರುವ ಮನೆಯಲ್ಲಿ ಪ್ರೀತಿಯ ಜೊತೆಗೆ ತಕ್ಕಡಿಯೂ ಬೇಕು. ಅದರಲ್ಲಿಯೂ ಇಬ್ಬರೂ ಗಂಡುಮಕ್ಕಳಾಗಿ, ಅವರ ನಡುವೆ ಮೂರೇ ವರ್ಷದ ಅಂತರವಿದ್ದರೆ, ತಂದೆತಾಯಿಗಳು ಬೆಳಗಿನಿಂದ ರಾತ್ರಿಯವರೆಗೆ ನ್ಯಾಯಪೀಠದಿಂದ ಇಳಿಯುವಂತೆಯೇ ಇಲ್ಲ. ಹಾಲಿನ ಲೋಟದಲ್ಲಿ ಯಾರದು ಒಂದು ಬೆರಳು ಹೆಚ್ಚು? ಬಸ್ಸಿನಲ್ಲಿ ಕಿಟಕಿಯ ಪಕ್ಕ ಯಾರಿಗೆ? ದಿನಕ್ಕೆ ಹತ್ತು ವ್ಯಾಜ್ಯಗಳು. ಹತ್ತಕ್ಕೂ ಅಜ್ಜಿಯ ಬಳಿ ಮೇಲ್ಮನವಿ. ಇವುಗಳಲ್ಲಿ ಬಹುಭಾಗ ಊಟದ ಹೊತ್ತಿಗೆ ಮರೆತುಹೋಗುತ್ತವೆ. ಎಲ್ಲೋ ಒಂದು ಮರೆಯುವುದಿಲ್ಲ. ಕ್ರಿಸ್ಮಸ್ಸಿನ ದಿನಗಳಲ್ಲಿ ನಮ್ಮ ಮನೆಗೆ ಬಂದ ಅಂಥ ಒಂದು ವ್ಯಾಜ್ಯದ ವಿಚಾರವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ.

ನಾವಿರುವುದು ಕೊಟ್ಟೂರಿನಲ್ಲಿ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಊರು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿಯೂ ಡಿಸೆಂಬರಿನ ಬೆಳಗು ಸಾಕಷ್ಟು ಚಳಿಯದೇ. ಮಕ್ಕಳಿಬ್ಬರಿಗೂ ಸೇರಿ ಹೊದೆಯಲು ಒಂದು ಕೌದಿ ಉಂಟು. ಅಜ್ಜಿಯ ಹಳೆಯ ಸೀರೆ, ಅಜ್ಜನ ಧೋತರ, ಹಿರಿಯವನಿಗೆ ಗಿಡ್ಡವಾಗಿ ಕಿರಿಯವನ ಮೈಮೇಲೂ ಸವೆದ ಅಂಗಿಗಳು, ಎಲ್ಲವೂ ಪದರಪದರವಾಗಿ ಅದರಲ್ಲಿ ಸೇರಿವೆ. ಮನೆಯ ಚರಿತ್ರೆಯನ್ನೇ ಹೊಲಿದಂತಿರುವ ಆ ಕೌದಿಯೊಳಗೆ ಪ್ರತಿದಿನವೂ ಗಡಿಜಗಳ. ಎಬ್ಬಿಸುವುದಕ್ಕೆ ನಮ್ಮ ಕೂಗಿನಿಂದಾಗದ್ದು ಅಡಿಗೆಮನೆಯ ವಗ್ಗರಣೆಯ ಚಟಪಟ ಸದ್ದಿನಿಂದಾಗುತ್ತದೆ. ಮಂಡಕ್ಕಿಯ ವಗ್ಗರಣೆ, ಅದರ ಮಗ್ಗುಲಿಗೆ ಬಿಸಿ ಮಿರ್ಚಿ: ನಮ್ಮ ಕಡೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಸುಪ್ರಭಾತವಿಲ್ಲ.

ನಮ್ಮ ಶಾಲೆಗಳಲ್ಲಿ ದೀರ್ಘವಾದ ರಜೆಗಳೆಂದರೆ ದಸರೆಯದು ಮತ್ತು ಬೇಸಿಗೆಯದು. ಕ್ರೈಸ್ತ ಸಂಸ್ಥೆಗಳು ನಡೆಸುವ ಕೆಲವು ಶಾಲೆಗಳಲ್ಲಿ ದಸರೆಯ ದಿನಗಳನ್ನು ಕತ್ತರಿಸಿ ಕ್ರಿಸ್ಮಸ್ಸಿಗೆ ಕೊಡುವುದುಂಟು. ಉಳಿದವರಿಗೆ ಡಿಸೆಂಬರ್ 25 ಒಂದೇ ದಿನದ ಬಿಡುವು. ಒಂದೇ ದಿನವಾದ ಕಾರಣ ಮಕ್ಕಳು ಅದನ್ನು ಜಿಪುಣನು ಹಣ ಎಣಿಸುವಂತೆ ಎಣಿಸುತ್ತಾರೆ. ಕಳೆದ ಸಲ ಆ ಹಬ್ಬದ ಹಿಂದಿನ ಭಾನುವಾರ ಅವರನ್ನು ಹಗರಿಬೊಮ್ಮನಹಳ್ಳಿಯ ಸಮೀಪದ ಅಂಕಸಮುದ್ರದ ಕೆರೆಗೆ ಕರೆದುಕೊಂಡು ಹೋಗಿದ್ದೆವು. ಹಿಂದಿನ ಕಾಲದಲ್ಲಿ ನೀರಾವರಿಗೆಂದು ಕಟ್ಟಿದ ಈ ಕೆರೆಯ ಜಾಲಿಮರಗಳನ್ನು ಹಕ್ಕಿಗಳು ತಮ್ಮವನ್ನಾಗಿ ಮಾಡಿಕೊಂಡಿವೆ. ಸುಮಾರು 98 ಹೆಕ್ಟೇರ್ ವಿಸ್ತಾರದ ಈ ಪಕ್ಷಿಧಾಮವನ್ನು 2024ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿಸಿದರು; ಲೋಕದ ಮುಖ್ಯ ಜೌಗುನೆಲೆಗಳ ಪಟ್ಟಿ ಅದು. ಬಣ್ಣದ ಕೊಕ್ಕರೆಗಳನ್ನು ಕಂಡು ಕಿರಿಯವನು ಕುಣಿದನು. ಹಿರಿಯವನು ಮಾತ್ರ, "ಗೂಡಿನಾಗ ಎರಡು ಮರಿ ಇದ್ದರ, ತಾಯಿ ಮೊದಲು ಯಾರಿಗೆ ಉಣಿಸ್ತದ?" ಎಂದು ಕೇಳಿದನು.

ನಾವು ತಿಳಿದಷ್ಟು ಹೇಳಿದೆವು. ಬೆಳ್ಳಕ್ಕಿಯಂಥ ಹಕ್ಕಿಗಳಲ್ಲಿ ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ಒಂದೆರಡು ದಿನ ಮೊದಲು ಹೊರಬಂದ ಮರಿ ಬಲವಾಗಿ ಬೆಳೆದು, ಆಹಾರಕ್ಕೆ ಮೊದಲು ಕೊಕ್ಕು ಚಾಚುತ್ತದೆ. ಬರಗಾಲದಲ್ಲಿ ಕಿರಿಯ ಮರಿ ಉಳಿಯುವುದೇ ಕಷ್ಟ. ಹಿರಿಯವನು ಇದನ್ನು ಕೇಳಿ ಬಹಳ ಹೊತ್ತು ಯೋಚಿಸಿದನು. "ನಮ್ಮನಿಯಾಗ ಹಂಗಿಲ್ಲ," ಎಂದಷ್ಟೇ ಹೇಳಿದನು. ಆ ಮಾತು ಹೊಗಳಿಕೆಯೋ ದೂರೋ ಎಂಬುದು ಆಗ ತಿಳಿಯಲಿಲ್ಲ. ನಾಲ್ಕು ದಿನಗಳ ಮೇಲೆ ತಿಳಿಯಿತು.

ನಮ್ಮ ನೆರೆಮನೆಯವರು ಕ್ರೈಸ್ತರು. ಡಿಸೆಂಬರು ಕಾಲಿಟ್ಟೊಡನೆ ಅವರ ಬಾಗಿಲ ಮೇಲೆ ಕಾಗದದ ನಕ್ಷತ್ರದಲ್ಲಿ ದೀಪ ಹೊತ್ತುತ್ತದೆ. "ಇದು ನಮ್ಮ ಹಬ್ಬ ಹೌದೋ ಅಲ್ಲೋ?" ಎಂದು ಕಿರಿಯವನು ಪ್ರತಿವರ್ಷವೂ ಕೇಳುತ್ತಾನೆ. ಅಜ್ಜಿಯ ಉತ್ತರವೂ ಪ್ರತಿವರ್ಷ ಒಂದೇ: "ತಟ್ಟೆ ಬಂದ ಮೇಲೆ ನಮ್ಮದೂ ಹೌದು." ಈ ಹಬ್ಬದ ಕಥೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ವಿಲಿಯಂ ರೀವ್ ಎಂಬವರೂ ದುಡಿದುದರ ಫಲವಾಗಿ 1831ರ ಹೊತ್ತಿಗೆ ಬೈಬಲು ಪೂರ್ಣವಾಗಿ ಕನ್ನಡದಲ್ಲಿ ದೊರೆಯಿತು. ಆ ಗ್ರಂಥವು ಕನ್ನಡವನ್ನು ಕಲಿತದ್ದು ನಮ್ಮ ಬಳ್ಳಾರಿಯಲ್ಲಿಯೇ ಎಂದರೆ ಸಲ್ಲುತ್ತದೆ.

ಇರಲಿ. 25ನೆಯ ತಾರೀಖು ನೆರೆಮನೆಯ ತಟ್ಟೆ ಬಂದಿತು. ಕರ್ಜಿಕಾಯಿ, ಚಕ್ಕುಲಿ; ನಡುವೆ ಒಂದು ಕೇಕಿನ ತುಂಡು; ಅದರ ಮೇಲೆ ಸಕ್ಕರೆಯಲ್ಲಿ ಮಾಡಿದ ಒಂದು ಕೆಂಪು ಗುಲಾಬಿ. ಕರ್ಜಿಕಾಯಿಗಳನ್ನು ಎಣಿಸಿ ಹಂಚಬಹುದು. ಕೇಕನ್ನು ಒಬ್ಬನು ಕೊಯ್ದು ಮತ್ತೊಬ್ಬನು ಆರಿಸಿಕೊಳ್ಳಬಹುದು. ಆದರೆ ಒಂದೇ ಗುಲಾಬಿಯನ್ನು ಕೊಯ್ದರೆ ಅದು ಗುಲಾಬಿಯಾಗಿ ಉಳಿಯುವುದಿಲ್ಲ. ಇಬ್ಬರ ಕೈಗಳೂ ಚಾಚಿದುವು. ಅಜ್ಜಿ ಎಂದಿನಂತೆ, "ನೀ ದೊಡ್ಡವನಲ್ಲೇನಪ್ಪಾ, ಬಿಡು, ಸಣ್ಣವ ತಿನ್ನಲಿ," ಎಂದರು.

ಹಿರಿಯವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡನು. ಅಳಲಿಲ್ಲ, ಕೂಗಲಿಲ್ಲ. ಲೆಕ್ಕ ಒಪ್ಪಿಸುವ ದನಿಯಲ್ಲಿ ಹೀಗೆ ಹೇಳಿದನು: "ತಮ್ಮ ಹುಟ್ಟಿದಾಗ ನನಗ ಮೂರು ವರ್ಷ. ಅವತ್ತಿನಿಂದ ನಾನು ದೊಡ್ಡವ. ಅವನಿಗೆ ಈಗ ಆರು ವರ್ಷ. ಅವ ಯಾವಾಗ ದೊಡ್ಡವ ಆಗ್ತಾನ, ಅಜ್ಜಿ?"

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವನ ಗಣಿತದಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಶ್ರೋತೃಗಳೆ, ನಮ್ಮ ನಾಡಿನ ಮನೆಮನೆಗಳಲ್ಲಿ ಈ ಬಿರುದನ್ನು ಎಷ್ಟು ಸುಲಭವಾಗಿ ಕೊಡುತ್ತೇವೆ, ಯೋಚಿಸಿರಿ. ತೊಟ್ಟಿಲಿಗೆ ಇನ್ನೊಂದು ಕೂಸು ಬಂದ ದಿನವೇ ಮೊದಲನೆಯದು ದೊಡ್ಡದಾಗಿಬಿಡುತ್ತದೆ. ಬಿರುದಿನ ಜೊತೆಗೆ ಜಹಗೀರಿ ಬರುವುದು ಲೋಕರೂಢಿ. ಇದೊಂದು ಬಿರುದು ಮಾತ್ರ ಇದ್ದುದನ್ನು ಕಿತ್ತುಕೊಳ್ಳುವುದಕ್ಕಾಗಿ ಬರುತ್ತದೆ. ಕಿರಿಯವನಿಗಾದರೂ ಇದರಿಂದ ಲಾಭವೆ? ಅವನು ಎಂದೆಂದಿಗೂ ಸಣ್ಣವನಾಗಿಯೇ ಉಳಿಯುತ್ತಾನೆ. ಕೊಡುವ ಸುಖವನ್ನು ಅರಿಯದೆ ಬೆಳೆಯುತ್ತಾನೆ.

ಸಮಪಾಲು ಮಾಡಿದರೆ ಸಾಕೆಂದು ಕೆಲವರು ಹೇಳಿಯಾರು. ಹತ್ತನೆಯ ಶತಮಾನದಲ್ಲಿ ಪಂಪನು ಆದಿಪುರಾಣದಲ್ಲಿ ಹೇಳಿದ ಭರತ ಬಾಹುಬಲಿಗಳನ್ನು ನೆನೆಯೋಣ. ತಂದೆಯಾದ ಆದಿದೇವನು ಮಕ್ಕಳಿಗೆ ರಾಜ್ಯವನ್ನು ಹಂಚಿಕೊಟ್ಟೇ ವಿರಕ್ತನಾದನು. ಆದರೂ ಅಣ್ಣತಮ್ಮಂದಿರು ಎದುರುಬದುರು ನಿಲ್ಲುವುದು ತಪ್ಪಲಿಲ್ಲ. ಹಂಚಿಕೆಯೊಂದೇ ನೆಲದ ಜಗಳವನ್ನೂ ನಿಲ್ಲಿಸದಿದ್ದಾಗ, ಮನಸ್ಸಿನ ಜಗಳವನ್ನು ನಿಲ್ಲಿಸೀತೆ?

ಲೂಕನ ಸುವಾರ್ತೆಯಲ್ಲಿಯೂ ಇಬ್ಬರು ಮಕ್ಕಳ ಕಥೆಯೊಂದುಂಟು. ಕಿರಿಯವನು ತನ್ನ ಪಾಲನ್ನು ಪಡೆದು, ದೂರದೇಶದಲ್ಲಿ ಹಾಳುಮಾಡಿ, ಹಸಿದು ಹಿಂದಿರುಗುತ್ತಾನೆ. ತಂದೆ ಹಬ್ಬ ಮಾಡುತ್ತಾನೆ. ಹೊಲದಲ್ಲಿ ದುಡಿದು ಬಂದ ಹಿರಿಯವನು ವಾದ್ಯದ ಸದ್ದು ಕೇಳಿ ಮುನಿದು ಹೊರಗೇ ನಿಲ್ಲುತ್ತಾನೆ. ಎಲ್ಲರೂ ಕಿರಿಯವನು ಮರಳಿ ಬಂದುದನ್ನೇ ನೆನೆಯುತ್ತಾರೆ. ನಮಗೆ ಹೆಚ್ಚು ಮುಖ್ಯವೆಂದು ತೋರುವುದು ಬೇರೊಂದು ಸಂಗತಿ: ತಂದೆ ಹಬ್ಬದ ಪಂಕ್ತಿಯನ್ನು ಬಿಟ್ಟೆದ್ದು ಹಿರಿಯವನಿದ್ದಲ್ಲಿಗೆ ತಾನೇ ಹೊರಗೆ ಹೋಗುತ್ತಾನೆ. ಹಿರಿಯವನು ಒಳಗೆ ಬಂದನೋ ಇಲ್ಲವೋ ಕಥೆ ಹೇಳುವುದಿಲ್ಲ. ಅದನ್ನು ಒಂದೊಂದು ಮನೆಯೂ ತಾನೇ ಮುಗಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಅದನ್ನು ಮುಗಿಸಿದವರು ಅಜ್ಜಿ. ಮರುದಿನ ನೆರೆಮನೆಯ ತಟ್ಟೆಯನ್ನು ತೊಳೆದರು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕು ಶೇಂಗಾ ಹೋಳಿಗೆಗಳನ್ನಿಟ್ಟು, ಬಟ್ಟೆ ಮುಚ್ಚಿ, ಕಿರಿಯವನನ್ನು ಕರೆದು, "ನೀನೊಬ್ಬನೇ ಹೋಗಿ ಕೊಟ್ಟು ಬಾ. ಇವತ್ತು ನೀ ದೊಡ್ಡವ," ಎಂದರು. ಅವನು ಅದುವರೆಗೆ ಅಣ್ಣನ ಬೆನ್ನ ಹಿಂದಲ್ಲದೆ ಆ ಹೊಸಿಲನ್ನು ದಾಟಿದವನಲ್ಲ. ತಟ್ಟೆಯನ್ನು ಎರಡು ಕೈಗಳಿಂದ ಹಿಡಿದು, ದೇವರ ಪಲ್ಲಕ್ಕಿ ಹೊತ್ತವನ ಗಾಂಭೀರ್ಯದಿಂದ ಹೊರಟನು. ಹೋಳಿಗೆಯೊಂದೂ ಕಡಿಮೆಯಾಗದೆ ತಲುಪಿತೆಂದು ಆಮೇಲೆ ತಿಳಿಯಿತು. ಆರು ವರ್ಷದವನಿಗೆ ಇದು ಸಣ್ಣ ತಪಸ್ಸಲ್ಲ.

ಹಿರಿಯವನು ತಮ್ಮನ ಹಿಂದೆ ಹೋಗಲಿಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದನು. ಬಳಿಕ ಒಳಗೆ ಬಂದು, ಒಂಬತ್ತು ವರ್ಷದ ಉದ್ದನೆಯ ಕಾಲುಗಳನ್ನು ಹೇಗೋ ಮಡಿಸಿಕೊಂಡು, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದನು. ಅವರು ಅವನ ಕೂದಲಲ್ಲಿ ಬೆರಳಾಡಿಸುತ್ತ ಕುಳಿತರು. ಸಕ್ಕರೆಯ ಗುಲಾಬಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ದೊಡ್ಡತನಕ್ಕೆ ಸರದಿ ಉಂಟು. ಒಂದು ದಿನ ಒಬ್ಬನು ಬಿಟ್ಟುಕೊಟ್ಟರೆ ಇನ್ನೊಂದು ದಿನ ಇನ್ನೊಬ್ಬನು. ಜಗಳ ನಿಂತಿದೆಯೆಂದು ಹೇಳಿದರೆ ಮಕ್ಕಳಿರುವ ಯಾರೂ ನಂಬಲಾರರು, ನಾವೂ ಹೇಳುವುದಿಲ್ಲ. ಆದರೆ ಹಿರಿಯವನು ಈಗ ಮೊದಲಿನಂತೆ ಮೌನವಾಗಿ ಕೈ ಹಿಂದೆಗೆಯುವುದಿಲ್ಲ, ಗಟ್ಟಿಯಾಗಿ ವಾದಿಸುತ್ತಾನೆ. ಅದೇ ನಮಗೆ ಸಮಾಧಾನ.

ಕ್ರಿಸ್ಮಸ್ಸು ಕಳೆದರೆ ಕೊಟ್ಟೂರಿಗೆ ಕೊಟ್ಟೂರೇಶ್ವರನ ತೇರಿನ ದಿನಗಳು ಹತ್ತಿರವಾಗುತ್ತವೆ. ಮಾಘಮಾಸದ ಆ ರಥೋತ್ಸವಕ್ಕೆ ದಾವಣಗೆರೆಯಂಥ ದೂರದೂರುಗಳಿಂದಲೂ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಅಷ್ಟು ಜನದ ನಡುವೆ ತೇರನ್ನು ಕಾಣಬೇಕಾದರೆ ಮಕ್ಕಳಿಗೆ ತಂದೆಯ ಹೆಗಲೇ ಗತಿ. ಮೂರು ವರ್ಷ ತುಂಬಿದಂದಿನಿಂದ ಕೆಳಗೆ ನಿಂತೇ ತೇರನ್ನು ನೋಡಿದವನಿಗೆ ಈ ಸಲ ಮೊದಲ ಸರದಿ. ಹೆಗಲು ಸ್ವಲ್ಪ ನೊಂದೀತು, ನೋಯಲಿ.